ಮೂಲೆ ಹರಿದ ಏಳು ಕಾರ್ಡು

ಕಳುಹಿಸಿದ ಕಾಗದ ತಿರುಗಿ ಬಂದರೆ ಮನುಷ್ಯ ಮೊದಲು ಅಂಚೆಯವನನ್ನು ಬೈಯುತ್ತಾನೆ, ಆಮೇಲೆ ಗೆಳೆಯರನ್ನು. ತನ್ನ ಕೈಯನ್ನೊಮ್ಮೆ ನೋಡಿಕೊಳ್ಳಬೇಕೆಂದು ಅವನಿಗೆ ಹೊಳೆಯುವುದೇ ಇಲ್ಲ. ನನಗಂತೂ ಹೊಳೆಯಲಿಲ್ಲ.

ಆಗ ನಾನು ಸೇಡಂನಲ್ಲಿ ಗುಮಾಸ್ತ. ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ ಎಂದು ಚದುರಿದ್ದ ಶಾಲೆಯ ಗೆಳೆಯರು ಏಳು ಜನ ಪ್ರತಿ ಎಳ್ಳಮಾವಾಸ್ಯೆಗೆ ನನ್ನ ಹೊಲಕ್ಕೆ ಬರುತ್ತಿದ್ದರು. ಆಳೆತ್ತರದ ಜೋಳದ ನಡುವೆ ಕಂಬಳಿ ಹಾಸಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಲೆ ತಿಂದು ಸಂಜೆಯವರೆಗೆ ಹರಟೆ. ಪಟ್ಟಿ ಇಟ್ಟುಕೊಂಡು ಏಳೂ ಜನರಿಗೆ ಒಂದೇ ಒಕ್ಕಣೆಯ ಕಾರ್ಡು ಬರೆಯುವುದು ನನ್ನ ಕೆಲಸ. ಆ ವರ್ಷ ‘ತೆಗೆದುಕೊಳ್ಳಲಿಲ್ಲ’ ಎಂಬ ಷರಾ ಹೊತ್ತು ಏಳೂ ಕಾರ್ಡು ಒಂದೊಂದಾಗಿ ತಿರುಗಿ ಬಂದವು.

ವಿಳಾಸ ತಾಳೆ ನೋಡಿದೆ. ಅಂಚೆ ಕಚೇರಿಯಲ್ಲಿ ಕೇಳಿದೆ. “ವಿಳಾಸ ಬರೋಬ್ಬರಿ ಅದರಿ. ಅವರಿಗೇ ಬ್ಯಾಡಾಗ್ಯಾದ,” ಎಂದರು. ಹೋದ ವರ್ಷ ಭಜ್ಜಿಗೆ ಉಪ್ಪು ಸಾಲದೆಂದವರಿಗೆ ‘ನಿಮ್ಮ ಮನಿಯಿಂದ ತರ್ರಿ’ ಎಂದಿದ್ದೆ. ಸಿಟ್ಟಾಗಿರಬೇಕು ಎಂದು ಹೆಂಡತಿಗೆ ಹೇಳಿದೆ.

“ಏಳೂ ಮಂದಿ ಕೂಡಿ ಸಿಟ್ಟಾಗಾಕ ನೀವೇನು ಅಷ್ಟು ದೊಡ್ಡ ಮನುಷ್ಯಾರೇನ್ರಿ?” ಎಂದಳು. ಆದರೂ ನನಗೆ ಊಟ ಸೇರಲಿಲ್ಲ. ಅವರಿಲ್ಲದ ಅಮಾವಾಸ್ಯೆಗೆ ಹೊಲಕ್ಕೆ ಹೋಗುವುದಾದರೂ ಯಾಕೆ?

ಹಬ್ಬಕ್ಕೆ ನಾಲ್ಕು ದಿನವಿರುವಾಗ ಚಿಂಚೋಳಿಯ ರಶೀದ ಬಸ್ಸಿಳಿದು ಬಂದ. ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. ಉಪ್ಪಿನ ಮಾತಿಗೆ ಇಷ್ಟು ನೊಂದನೇ ಎಂದು ನಾನೂ ಅತ್ತೆ. ಅಷ್ಟರಲ್ಲಿ ಹೆಂಡತಿ ನೀರಿನ ತಂಬಿಗೆ ಹಿಡಿದು ಹೊರಬಂದಳು. ರಶೀದ ಎರಡು ಹೆಜ್ಜೆ ಹಿಂದೆ ಸರಿದ.

“ವೈನೀ, ನೀವು ಇದ್ದೀರೇನ್ರಿ!”

ಆಮೇಲೆ ನನ್ನ ಮೇಲೆ ಹರಿಹಾಯ್ದ: “ಮೂಲಿ ಹರಿದ ಕಾಗದ ಅಂದ್ರ ಸಾವಿನ ಸುದ್ದಿ ಅಲ್ಲೇನೋ? ಓದಾಕ ಧೈರ್ಯ ಆಗದ ಹೊಸ್ತಿಲದಾಗಿಂದೇ ಹಿಂದ ಕಳಿಸಿದೆ. ಅಕ್ಷರ ನಿಂದು, ಅಂದ್ರ ನೀ ಸತ್ತಿಲ್ಲ. ಹಂಗಾರ ಹೋದವರು...” ಎಂದು ನಾಲಗೆ ಕಚ್ಚಿಕೊಂಡ.

ಒಳಗೆ ಹೋಗಿ ಕಾರ್ಡು ತಂದು ನೋಡಿದೆ. ಒಂದೂ ತಪ್ಪಿಹೋಗದಿರಲೆಂದು ಕಚೇರಿಯ ಕಡತದಂತೆ ಏಳಕ್ಕೂ ಮೂಲೆಯಲ್ಲಿ ತೂತು ಕೊರೆದು ದಾರ ಪೋಣಿಸಿದ್ದೆ. ಡಬ್ಬಿಗೆ ಹಾಕುವ ಅವಸರದಲ್ಲಿ ದಾರ ಜಗ್ಗಿದ್ದೆ. ಏಳಕ್ಕೂ ಮೂಲೆ ಇರಲಿಲ್ಲ.

ರಶೀದನೇ ಊರೂರಿಗೆ ಸುದ್ದಿ ಮುಟ್ಟಿಸಿದ. ಅಮಾವಾಸ್ಯೆಗೆ ಏಳೂ ಜನ ಬಂದರು. ಹೊಲದಲ್ಲಿ ಹೆಂಡತಿ ಅವರ ರೊಟ್ಟಿಗೆಲ್ಲ ಬೆಣ್ಣೆ ಹಾಕಿದಳು. ನನ್ನ ಸರದಿಗೆ ಬೋಗುಣಿ ಖಾಲಿ.

“ನನಗ?” ಎಂದೆ.

“ನಾ ಹೋದೆ ಅಂತ ಎದಿ ಒಡಕೊಂಡವರಿಗೆ ಮೊದಲು. ನೀವು ಮೂಲಿ ಹರಿದವರು, ಸುಮ್ನ ತಿನ್ರಿ.”

ಈಗ ಆ ಪಟ್ಟಿಯ ಮೂವರ ಮನೆಗಳಿಂದ ನಿಜವಾಗಿ ಮೂಲೆ ಹರಿದ ಕಾರ್ಡು ಬಂದಿವೆ. ಪ್ರತಿ ಸಲವೂ ರಶೀದನಂತೆ ಹೊಸ್ತಿಲಿನಿಂದಲೇ ಹಿಂದೆ ಕಳಿಸಿಬಿಡೋಣ ಅನ್ನಿಸುತ್ತದೆ. ಏನು ಮಾಡಲಿ, ಗುಮಾಸ್ತನ ಕೈ. ಬಂದ ಕಾಗದವನ್ನು ತೆಗೆದುಕೊಂಡೇ ರೂಢಿ.