ಎತ್ತಿಗೆ ಈಯುವ ದಿನ ಗೊತ್ತುಮಾಡಿದ ಕಂಪನಿಗೆ

ಕ್ಷೀರದೃಷ್ಟಿ ತಂತ್ರಾಂಶ ಕಂಪನಿಯ ಮಾನ್ಯ ಮುಖ್ಯಸ್ಥರೇ,

ಸದಲಗಾದ ಹೆಣ್ಣುಮಕ್ಕಳ ಹಾಲು ಸಂಘದ ಕಾರ್ಯದರ್ಶಿ ಸ್ನೇಹಲ ಉಪಾಧ್ಯೆಯ ಭಕ್ತಿಪೂರ್ವಕ ನಮಸ್ಕಾರಗಳು. ದೂಧಗಂಗೆಯ ದಂಡೆಯಲ್ಲಿ ನಾವೂ ನಮ್ಮ ಎಮ್ಮೆಗಳೂ ಕ್ಷೇಮ. ತಂಪು ಕೋಣೆಯಲ್ಲಿ ತಾವೂ ತಮ್ಮ ಕಂಪ್ಯೂಟರುಗಳೂ ಕ್ಷೇಮವೆಂದು ನಂಬಿದ್ದೇನೆ.

ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಯನ್ನು ನಾವು ಇಷ್ಟು ದಿನ ದಡ್ಡರನ್ನು ಹಂಗಿಸಲು ಬಳಸುತ್ತಿದ್ದೆವು. ಕಳೆದ ತಿಂಗಳು ತಾವು ಅದನ್ನು ಗಣಕೀಕರಣಗೊಳಿಸಿದ್ದಕ್ಕಾಗಿ ಊರಿನ ಪರವಾಗಿ ಅಭಿನಂದನೆಗಳು.

ನಮ್ಮ ಸಂಘದ ಕಾಶಿಬಾಯಿಯವರು ಇಪ್ಪತ್ತೆರಡು ವರ್ಷ ದನಗಳ ದಾಖಲೆ ಬರೆದವರು: ಕಿವಿಯ ಬಿಲ್ಲೆಯ ನಂಬರು, ಓಣಿ, ಗಬ್ಬವಾದ ದಿನ, ಈಯುವ ದಿನ. ಅದನ್ನೆಲ್ಲ ಹೋದ ವರ್ಷ ತಮ್ಮ ತಂತ್ರಾಂಶಕ್ಕೆ ತುಂಬಿಸಿದೆವು. ಗುಂಡಿ ಒತ್ತಿದರೆ ಸಾಕು, ದನದ ಡಾಕ್ಟರ ಫೋನಿಗೆ ಸರಿಯಾದ ಮನೆಯ ವಿಳಾಸ ಹೋಗುತ್ತದೆ ಎಂದು ತಾವು ಹೇಳಿದ್ದಿರಿ.

ಕಳೆದ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಮೇಲಿನ ಓಣಿಯ ಸುಂದ್ರವ್ವನ ಎಮ್ಮೆಗೆ ಬೇನೆ ಬಂತು. ಕರು ಅಡ್ಡ ಸಿಕ್ಕಿತ್ತು. ನಾನು ಗುಂಡಿ ಒತ್ತಿದೆ. ತಮ್ಮ ಚಕ್ರ ಪರದೆಯ ಮೇಲೆ ತಿರುಗಿತು, ಇನ್ನೂ ತಿರುಗಿತು. ಕೊನೆಗೆ ವಿಳಾಸ ಹೋಯಿತು, ಆದರೆ ಹೊಳೆ ಓಣಿಯ ಬೇರೊಬ್ಬ ಸುಂದ್ರವ್ವನ ಮನೆಗೆ. ಡಾಕ್ಟರು ಚೀಲ ಹಿಡಿದು ಓಡೋಡಿ ಹೋಗಿ ನಿಂತದ್ದು ಒಂದು ಎತ್ತಿನ ಮುಂದೆ. ಅವರ ಫೋನಿನಲ್ಲಿ ‘ಗಬ್ಬ, ಇಂದು ಈಯುವ ದಿನ’ ಎಂದು ಹಸಿರು ಅಕ್ಷರದಲ್ಲಿ ಬಂದಿತ್ತು.

“ಡಾಕ್ಟರ್ ಸಾಹೇಬ್ರ, ಇದು ಎತ್ತರಿ,” ಎಂದಳಂತೆ ಆ ಸುಂದ್ರವ್ವ. “ನಮ್ಮಲ್ಲೇ ಹತ್ತ ವರ್ಷ ಐತಿ, ಇನ್ನೂ ಒಮ್ಮೆನೂ ಈದಿಲ್ಲ.”

ಕಾಶಿಬಾಯಿಯವರು ತಮ್ಮ ಹಳೆಯ ವಹಿ ತೆರೆದು, ಡಾಕ್ಟರಿಗೆ ಫೋನು ಮಾಡಿ ದಾರಿ ಹೇಳಿದರು. ಡಾಕ್ಟರು ಬರುವಷ್ಟರಲ್ಲಿ ಮುಕ್ಕಾಲು ತಾಸು ಕಳೆದಿತ್ತು. ಎಮ್ಮೆ ಉಳಿಯಿತು. ಕರು ಉಳಿಯಲಿಲ್ಲ. ಹೆಣ್ಣುಗರು. ಸುಂದ್ರವ್ವ ಅದರ ಮೈಯನ್ನು ತನ್ನ ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದಳು. ನಾನು ಫೋನನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತಿದ್ದೆ.

ನಮ್ಮ ದೂರಿನ ಮೇರೆಗೆ ತಾವು ಕಳುಹಿಸಿದ ಡೆವಲಪರ್ ರೂಪೇಶ ರಾಯಬಾಗದವರು, ನಾಲ್ಕು ವರ್ಷ ಸೇವೆ ಮಾಡಿದವರು. ಕಾಶಿಬಾಯಿಯವರು ಚಹಾ ಕೊಟ್ಟು ಕೇಳಿದರು: “ತಮ್ಮಾ, ಈ ಊರಾಗ ಸುಂದ್ರವ್ವ ಅನ್ನಾವ್ರು ಎಷ್ಟ ಮಂದಿ ಅದಾರ, ನಿನ್ನ ಮಿಶನ್ನಿಗೆ ಒಮ್ಮೆ ಕೇಳು ನೋಡೂಣು.”

ಡೇಟಾಬೇಸಿಗೆ ಕೇಳುವ ಆ ಒಂದು ಪ್ರಶ್ನೆಯನ್ನು, ಅವರ ಭಾಷೆಯಲ್ಲಿ ‘ಕ್ವೆರಿ’ಯನ್ನು, ಅವರು ಬರೆದರು, ಅಳಿಸಿದರು, ಮೊಬೈಲಿನಲ್ಲಿ ಹುಡುಕಿದರು. ಚಹಾ ಆರಿತು. ಕೊನೆಗೆ, “ಹನ್ನೊಂದ ಮಂದಿ ಅದಾರ್ರಿ ಕಾಕು,” ಎಂದು ತಲೆ ತಗ್ಗಿಸಿದರು. “ನಾ ದನಾ ಮತ್ತ ಮನೀನ ಮಾಲಕರ ಹೆಸರ ಹಿಡದ ಜೋಡ್ಸೇನ್ರಿ. ಬಿಲ್ಲೆ ನಂಬರ ಹಿಡದ ಜೋಡಸಬೇಕಾಗಿತ್ತು.”

“ಮತ್ತ ಆ ಚಕ್ರ ಯಾಕ ತಿರಗತೈತಿ?”

“ಸಾವಿರದ ನಾಕನೂರು ದನದ ಮಾಹಿತಿ ಎಲ್ಲಾ ಫೋನಿಗೆ ತರಿಸಿ, ಆಮ್ಯಾಲೆ ಒಂದನ್ನ ಆರಸ್ತೈತ್ರಿ.”

“ಅಂದ್ರ ಒಂದ ಎಮ್ಮಿ ಹುಡಕಾಕ ಊರ ದನಾ ಎಲ್ಲಾ ಅಂಗಳಕ್ಕ ಹೊಡಕೊಂಡ ಬಂದಿ ಅನ್ನು.”

ಆ ಮನುಷ್ಯನ ಪ್ರಾಮಾಣಿಕತೆ ಮೆಚ್ಚಬೇಕು. “ಕಾಲೇಜಿನ್ಯಾಗ ಪರೀಕ್ಷಾಕ್ಕಂತ ಐದ ಕ್ವೆರಿ ಬಾಯಿಪಾಠ ಮಾಡಿದ್ನಿರಿ. ಕೆಲಸಕ್ಕ ಬಂದ ಮ್ಯಾಲೆ ಕ್ವೆರೀನ ಇನ್ನೊಂದು ತಂತ್ರಾಂಶಾನ ಬರದ ಕೊಡ್ತೈತಿ. ಒಳಗ ಏನ ಬರದೈತಿ ನೋಡು ಅಂತ ಯಾರೂ ಹೇಳ್ಲಿಲ್ಲ, ನಾನೂ ನೋಡ್ಲಿಲ್ಲ,” ಎಂದರು. ತಮ್ಮ ಕಚೇರಿಯಲ್ಲಿ ಪರೀಕ್ಷಿಸಿದ್ದು ಹತ್ತು ಕಾಲ್ಪನಿಕ ಎಮ್ಮೆಗಳ ಮೇಲಂತೆ, ಹತ್ತಕ್ಕೂ ಬೇರೆ ಬೇರೆ ಹೆಸರಿನ ಒಡತಿಯರಂತೆ. ಅಂಥ ಶಿಸ್ತಿನ ಊರು ಎಲ್ಲಿದೆಯೆಂದು ತಿಳಿಸಿದರೆ ನಾವೇ ಅಲ್ಲಿಗೆ ಹೋಗಿ ನೆಲೆಸುತ್ತೇವೆ.

ರೂಪೇಶ ಮೂರು ದಿನ ಕಾಶಿಬಾಯಿಯವರ ಪಕ್ಕದಲ್ಲಿ ಕೂತು, ಯಾವ ದನ ಯಾವ ಮನೆಯದೆಂದು ಅವರು ಹೇಗೆ ಹುಡುಕುತ್ತಾರೆಂಬುದನ್ನು ನೋಡಿ, ಕ್ವೆರಿಗಳನ್ನು ತಮ್ಮ ಕೈಯಾರೆ ಬರೆದರು. ಹೊರಡುವ ಮೊದಲು ಮೇಲಿನ ಓಣಿಗೆ ಹೋಗಿ ಸುಂದ್ರವ್ವನ ಎದುರು ಕೈಮುಗಿದರು. ಈಗ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಸರಿಯಾಗಿಯೂ ಬರುತ್ತದೆ.

ಹಾಗಾಗಿ ತಮ್ಮಲ್ಲಿ ಒಂದೇ ಪ್ರಾರ್ಥನೆ. ಪರದೆಗೆ ಬಣ್ಣ ಬಳಿಯುವ ಮೊದಲು ತಮ್ಮವರಿಗೆ ಪ್ರಶ್ನೆ ಕೇಳುವುದನ್ನು ಕಲಿಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಹನ್ನೊಂದು ಸುಂದ್ರವ್ವಂದಿರಲ್ಲಿ ಹತ್ತು ಮಂದಿಗೆ ಕಂಪನಿಯ ವತಿಯಿಂದ ಹೊಸದಾಗಿ ತೊಟ್ಟಿಲು ಕಟ್ಟಿ ನಾಮಕರಣ ಮಾಡಿಸಬೇಕು. ಒಬ್ಬರಿಗೆ ಎಂಬತ್ತು ದಾಟಿದೆ, ತೊಟ್ಟಿಲು ಗಟ್ಟಿಯಿರಲಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಸ್ನೇಹಲ ಜಿನೇಂದ್ರ ಉಪಾಧ್ಯೆ

ತಾ.ಕ.: ಕ್ವೆರಿ ಬರೆಯಲು ಕಲಿತ ಕೂಡಲೇ ರೂಪೇಶರಿಗೆ ಬಡ್ತಿ ಕೊಟ್ಟು, ಇನ್ನು ಮುಂದೆ ಕ್ವೆರಿ ಬರೆಯಬೇಕಿಲ್ಲದ ಹುದ್ದೆಗೆ ಏರಿಸಿದಿರೆಂದು ತಿಳಿಯಿತು. ಅವರ ಜಾಗಕ್ಕೆ ಬಂದವರನ್ನೂ ಬೇಗ ಕಳುಹಿಸಿಕೊಡಿ. ಹಳೆಯ ಚಪ್ಪಲಿ ಹಾಕಿಕೊಂಡು ಬರಲು ಹೇಳಿ, ಸದಲಗಾದಲ್ಲಿರುವ ತಮ್ಮ ಕಂಪನಿಯ ಈ ತರಬೇತಿ ಕೇಂದ್ರದಲ್ಲಿ ಸೆಗಣಿ ಜಾಸ್ತಿ.