ಮರ ಕೊರೆಯುವ ಯಂತ್ರಕ್ಕೆ ತಂತ್ರಾಂಶ ಆರಿಸಿದ ಬಗೆ

ಬ್ರಾಂಟ್ ಫಾಲ್ಸ್ ಊರಿನ ಸಾರ್ವಜನಿಕ ಕಾರ್ಯಾಗಾರದ, ಮರ ಕೊರೆಯುವ ಸಿ.ಎನ್.ಸಿ. ಯಂತ್ರವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಮ್ಮೆಯೂ ಕೆಟ್ಟಿಲ್ಲ ಎಂಬುದನ್ನು ಕಾರ್ಯದರ್ಶಿಯಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಅದನ್ನು ಒಮ್ಮೆಯೂ ಓಡಿಸಿಲ್ಲ ಎಂದು ಊರಿನ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರು ಕಾರ್ಯಾಗಾರದ ಸದಸ್ಯರಲ್ಲವಾದ್ದರಿಂದ ಅವರ ಮಾತನ್ನು ನಡಾವಳಿಗೆ ತೆಗೆದುಕೊಂಡಿಲ್ಲ.

ಯಂತ್ರ ಸರಳವಾದದ್ದು. ಊಟದ ಮೇಜಿನಷ್ಟು ಅಗಲ, ಮೇಲೊಂದು ಮೋಟಾರು, ಮೋಟಾರಿನ ತುದಿಗೆ ಒಂದು ಅಲಗು. ಕೆಳಗೆ ಹಲಗೆ ಇಟ್ಟರೆ ಅಕ್ಷರ, ಹೂವು, ಬಾತುಕೋಳಿ, ಏನು ಹೇಳಿದರೂ ಕೊರೆದುಕೊಡುತ್ತದೆ. ಆದರೆ ಬಾಯಿಮಾತಿನಲ್ಲಿ ಹೇಳಿದರೆ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಚಿತ್ರ ಬರೆಯಬೇಕು. ಇನ್ನೊಂದು ಆ ಚಿತ್ರ ನೋಡಿ ಅಲಗು ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕೆಂದು ದಾರಿ ಹಾಕಿಕೊಡಬೇಕು. ಇಂಥವು ಹತ್ತಾರು ಸಿಗುತ್ತವೆ. ಯಾವುದಾದರೂ ಒಂದನ್ನು ಆರಿಸಿಕೊಂಡಿದ್ದರೆ ಒಂದೇ ಸಂಜೆಯಲ್ಲಿ ಕೆಲಸ ಮುಗಿದುಹೋಗುತ್ತಿತ್ತು. ಆ ಅಪಾಯವನ್ನು ತಪ್ಪಿಸಲೆಂದೇ ತಂತ್ರಾಂಶ ಆಯ್ಕೆ ಸಮಿತಿಯನ್ನು ರಚಿಸಲಾಯಿತು.

ಸಮಿತಿಯಲ್ಲಿ ನಾವು ನಾಲ್ವರು. ಅಧ್ಯಕ್ಷ ಡೆಲ್ಬರ್ಟ್ ಸೊರೆನ್ಸನ್, ಕೌಂಟಿಯ ರಸ್ತೆ ಇಲಾಖೆಯವರು. ಒಂದು ಗುಂಡಿ ಮುಚ್ಚಲು ಎಷ್ಟು ಸಹಿ ಬೇಕೆಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಕ್ಲೇಟನ್ ಪೆಲ್ಕಿ, ಬಿಟ್ಟಿ ಸಿಗದ ತಂತ್ರಾಂಶವನ್ನು ಮುಟ್ಟುವುದು ಪಾಪವೆಂದು ನಂಬಿದವರು. ರೋಂಡಾ ಟ್ರೂಆಕ್ಸ್, ಹಲ್ಲಿನ ಸೆಟ್ ಮಾಡುವ ಪ್ರಯೋಗಾಲಯದಲ್ಲಿ ದುಡಿಯುವವರು, ತಿಂಗಳು ತಿಂಗಳು ಬಾಡಿಗೆ ಕಟ್ಟದ ತಂತ್ರಾಂಶವನ್ನು ನಂಬದವರು. ನಾಲ್ಕನೆಯವನು ನಾನು, ಬರೆದುಕೊಳ್ಳುವವನು. ಪ್ರತಿ ತಿಂಗಳ ಎರಡನೇ ಮಂಗಳವಾರ, ಕಾರ್ಯಾಗಾರವಿರುವ ಹಳೆಯ ಅಗ್ನಿಶಾಮಕ ಠಾಣೆಯಲ್ಲೇ ಸಭೆ. ಕಾಫಿ ಮತ್ತು ಒಬ್ಬೊಬ್ಬರು ಸರದಿಯಂತೆ ಮನೆಯಿಂದ ಬೇಯಿಸಿ ತರುವ ಹಾಟ್‌ಡಿಶ್ ಎಂಬ ತಿನಿಸು ಕಡ್ಡಾಯ.

ಸೆಪ್ಟೆಂಬರ್ ಸಭೆಗೆ ವರ್ನಾ ಅಮಂಡ್ಸನ್ ಬಂದರು. ಎಪ್ಪತ್ತೆಂಟು ವರ್ಷ. ಮೂವತ್ತೊಂದು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿದವರು. ನಾವು ನಾಲ್ವರೂ ಅವರ ಬಸ್ಸಿನಲ್ಲಿ ಕೂತು ಬೈಸಿಕೊಂಡವರೇ.

"ನಾಲ್ಕು ಹಲಗೆ ಬೇಕು ಕಣ್ರೋ," ಅಂದರು ಕೋಟಿನ ಗುಂಡಿ ಬಿಚ್ಚುತ್ತಾ. "ಒಂದರಲ್ಲಿ ಅಡುಗೆಮನೆ, ಒಂದರಲ್ಲಿ ಬಚ್ಚಲು, ಒಂದರಲ್ಲಿ ಮಲಗೋ ಕೋಣೆ ಅಂತ ಆಳವಾಗಿ ಕೊರೀಬೇಕು. ನನ್ ಗಂಡ ಆರ್ವಲ್‌ಗೆ ಈಗ ಯಾವ ಬಾಗಿಲು ಯಾವ್ದು ಅಂತ ನೆನಪಿರಲ್ಲ. ಕಣ್ಣೂ ಮಂಜು. ಆದ್ರೆ ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಬೆರಳು ನೋಡಿ, ಮರದ ಮೇಲಿನ ಅಕ್ಷರಾನ ಸವರಿ ಓದ್ತಾನೆ."

"ನಾಲ್ಕನೇದು?" ಎಂದು ಅಧ್ಯಕ್ಷರು ಕೇಳಿದರು.

"ನಾಲ್ಕನೇದು 'ವರ್ನಾ'. ನಾನು ಕೂತ್ಕೊಳ್ಳೋ ಕುರ್ಚಿಗೆ. ಬೇಗ ಆಗ್ಬೇಕು ಡೆಲ್ಬರ್ಟ್. ಅವನ ತಲೇಲಿ ದಿನಾ ಒಂದೊಂದು ದೀಪ ಆರ್ತಾ ಇದೆ."

ಅರ್ಜಿಯನ್ನು ಒಂದನೇ ನಂಬರಿನಲ್ಲಿ ದಾಖಲಿಸಿಕೊಳ್ಳಲಾಯಿತು. ತಂತ್ರಾಂಶ ಆಯ್ಕೆಯಾದ ಕೂಡಲೇ ಮೊದಲ ಕೆಲಸ ಅದೇ ಎಂದು ಸಮಿತಿ ಒಮ್ಮತದಿಂದ ಭರವಸೆ ಕೊಟ್ಟಿತು. ವರ್ನಾ ಎರಡು ಸಲ ಥ್ಯಾಂಕ್ಸ್ ಹೇಳಿದರು. ಅದನ್ನೂ ಬರೆದುಕೊಂಡೆ.

ಆಯ್ಕೆ ವೈಜ್ಞಾನಿಕವಾಗಿ ನಡೆಯಬೇಕಿತ್ತು. ನಲವತ್ತು ಅಂಶಗಳ ಅಂಕಪಟ್ಟಿ ತಯಾರಾಯಿತು. ಎಲ್ಲ ತಂತ್ರಾಂಶಗಳೂ ಒಂದೇ ಮಾದರಿ ಚಿತ್ರವನ್ನು ಕೊರೆದು ತೋರಿಸಬೇಕು, ಯಾವುದು ಚೆನ್ನಾಗಿ ಕೊರೆಯುತ್ತದೋ ಅದಕ್ಕೆ ಜಯ. ಆದರೆ ಆ ಮಾದರಿ ಚಿತ್ರವನ್ನು ಯಾವುದರಲ್ಲಿ ಬರೆಯುವುದು? ಕ್ಲೇಟನ್‌ನದರಲ್ಲಿ ಬರೆದರೆ ರೋಂಡಾಳದು ತೆರೆಯುವುದಿಲ್ಲ, ರೋಂಡಾಳದರಲ್ಲಿ ಬರೆದರೆ ಕ್ಲೇಟನ್ ತೆರೆಯುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಮಾದರಿ ಬರೆಯಲು ಬೇಕಾದ ತಂತ್ರಾಂಶವನ್ನು ಆರಿಸಲು ಒಂದು ಉಪಸಮಿತಿಯನ್ನು ರಚಿಸಿದೆವು. ಅದರಲ್ಲೂ ನಾವು ನಾಲ್ವರೇ.

ಅಕ್ಟೋಬರ್ ಸಭೆಯಲ್ಲಿ ಕ್ಲೇಟನ್ ತನ್ನ ಬಿಟ್ಟಿ ತಂತ್ರಾಂಶವನ್ನು ಗೋಡೆಯ ಮೇಲೆ ತೋರಿಸಿದ. ಎಂಟು ಇಂಚಿನ ಹಲಗೆ ಬರೆದ. ತಂತ್ರಾಂಶ ಹುಟ್ಟಿದ ದೇಶದಲ್ಲಿ ಮಿಲಿಮೀಟರಂತೆ, ಅದು ಎಂಟು ಮಿಲಿಮೀಟರ್ ಎಂದು ತಿಳಿದುಕೊಂಡಿತು. ಗೋಡೆಯ ಮೇಲೆ ಅಕ್ಕಿಕಾಳಿನಷ್ಟು ಏನೋ ಕಂಡಿತು.

"ಇದು ಇಲಿ ಮನೆ ಬಚ್ಚಲಿಗೆ ಸರಿ," ಅಂದರು ಆ ಸಭೆಗೂ ಬಂದಿದ್ದ ವರ್ನಾ.

"ಸೆಟ್ಟಿಂಗ್ ಬದಲಾಯಿಸ್ಬೋದು," ಎಂದ ಕ್ಲೇಟನ್, ಕಿವಿ ಕೆಂಪಗೆ ಮಾಡಿಕೊಂಡು.

"ಬದಲಾಯಿಸು ಮತ್ತೆ."

"ಅಂಗುಲವೋ ಮಿಲಿಮೀಟರೋ ಅನ್ನುವುದು ನೀತಿಯ ವಿಷಯ," ಎಂದು ಅಧ್ಯಕ್ಷರು ತಡೆದರು. "ಮುಂದಿನ ಸಭೆಯಲ್ಲಿ ಚರ್ಚಿಸೋಣ."

ಆರ್ವಲ್ ಹಿಂದಿನ ದಿನ ಬಚ್ಚಲೆಂದು ಕೋಟಿನ ಬೀರು ತೆಗೆದು ಒಳಗೆ ನಿಂತುಬಿಟ್ಟಿದ್ದರಂತೆ. ವರ್ನಾ ಹೇಳಿದ ಈ ಸಂಗತಿಯನ್ನು 'ಹಿನ್ನೆಲೆ ಮಾಹಿತಿ' ಎಂಬ ಶೀರ್ಷಿಕೆಯಡಿ ಸೇರಿಸಲಾಯಿತು.

ನವೆಂಬರಿನಲ್ಲಿ ರೋಂಡಾಳ ಸರದಿ. ಬಾಡಿಗೆ ತಂತ್ರಾಂಶಗಳನ್ನು ಹದಿನಾಲ್ಕು ದಿನ ಪುಕ್ಕಟೆಯಾಗಿ ಪರೀಕ್ಷಿಸಬಹುದು. ಸಭೆಯ ದಿನವೇ ಒಂದನ್ನು ಕಂಪ್ಯೂಟರಿಗೆ ಹಾಕಿದೆವು, ಹಾಕುವುದರಲ್ಲೇ ಸಂಜೆ ಕಳೆಯಿತು. ಸಮಿತಿಯ ಕೋರಂ ಇಲ್ಲದೆ ಯಾರೂ ಅದನ್ನು ಮುಟ್ಟಕೂಡದೆಂಬುದು ನಿಯಮ ಒಂಬತ್ತು. ಸಮಿತಿ ಸೇರುವುದು ತಿಂಗಳಿಗೊಮ್ಮೆ. ಡಿಸೆಂಬರಿನಲ್ಲಿ ಸೇರಿ ನೋಡಿದರೆ ಅವಧಿ ಮುಗಿದು ತಂತ್ರಾಂಶ ಮುಚ್ಚಿಕೊಂಡಿತ್ತು. ಆ ದಿನ ಇನ್ನೊಂದನ್ನು ಹಾಕಿದೆವು. ಜನವರಿಯಲ್ಲಿ ಅದೂ ಮುಚ್ಚಿಕೊಂಡಿತ್ತು. ಫೆಬ್ರವರಿಯ ಹೊತ್ತಿಗೆ ಮೂರು ತಂತ್ರಾಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿದಂತಾಗಿ, 'ಪರೀಕ್ಷಿಸಿದ ಎಲ್ಲವೂ ತೆರೆಯದ ಸ್ವಭಾವದವು' ಎಂಬ ಮಧ್ಯಂತರ ವರದಿಯನ್ನು ಅಂಗೀಕರಿಸಿದೆವು.

"ಲೋ ಡೆಲ್ಬರ್ಟ್," ಅಂದರು ವರ್ನಾ, "ಸಭೆಗಿಂತ ಒಂದು ವಾರ ಮುಂಚೆ ಹಾಕಿದ್ರೆ ತೆರೀತಿತ್ತಲ್ಲೋ."

"ಸಭೆಗೆ ಮುಂಚೆ ಹಾಕೋಕೆ ಸಭೆಯ ಅನುಮತಿ ಬೇಕು, ವರ್ನಾ."

"ಮೂರನೇ ಕ್ಲಾಸಲ್ಲೂ ನೀನು ಹಿಂಗೇ. ಬಸ್ಸಲ್ಲಿ ವಾಂತಿ ಬಂದಾಗ ಕೈ ಎತ್ತಿ ಕೂತಿದ್ದೆ, ಅನುಮತಿ ಕೊಡೋ ತನಕ. ಕೊಡೋದ್ರೊಳಗೆ ಎಲ್ಲಾ ಆಗೋಗಿತ್ತು."

ಇದನ್ನು ಅಧ್ಯಕ್ಷರ ಕೋರಿಕೆಯ ಮೇರೆಗೆ ನಡಾವಳಿಯಿಂದ ತೆಗೆದುಹಾಕಲಾಗಿದೆ.

ಆರ್ವಲ್‌ರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವಾದ್ದರಿಂದ ವರ್ನಾ ಅವರನ್ನೂ ಸಭೆಗೆ ಕರೆತರತೊಡಗಿದರು. ಎತ್ತರದ, ಮಾತಿಲ್ಲದ ಮನುಷ್ಯ. ಕೂರಿಸಿದಲ್ಲಿ ಕೂರುತ್ತಿದ್ದರು, ಮೇಜಿನ ಅಂಚನ್ನು ಸವರುತ್ತಿದ್ದರು. ಮಾರ್ಚ್ ಸಭೆಯಲ್ಲಿ ಅವರು ಹೆಂಡತಿಯ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ನೀವು ಯಾವ ರೂಟಿನ ಡ್ರೈವರ್ ಅಮ್ಮಾ?" ಎಂದು ಕೇಳಿದರು. ವರ್ನಾ ರೂಟ್ ನಂಬರ್ ಹೇಳಿದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಯಿತು. ನಾಚಿಕೆಗೆ ನಡಾವಳಿಯಲ್ಲಿ ಕಾಲಂ ಇಲ್ಲದ್ದರಿಂದ ಮುಂದಿನ ವಿಷಯಕ್ಕೆ ಹೋದೆ.

ಆ ಸಂಜೆಯಿಂದಲೇ ಮೂಲೆಯ ಬೆಂಚಿನಿಂದ ಟಕ್ ಟಕ್ ಎಂಬ ಶಬ್ದ ಶುರುವಾಯಿತು. ನಾವು ಅಂಗುಲ-ಮಿಲಿಮೀಟರ್ ನೀತಿಯ ಕರಡಿನಲ್ಲಿ ಮುಳುಗಿದ್ದರಿಂದ, ಕೋಣೆ ಬೆಚ್ಚಗಿಡುವ ಶಾಖದ ಪೈಪಿನ ಸದ್ದಿರಬೇಕೆಂದು ಸುಮ್ಮನಿದ್ದೆವು. ಏಪ್ರಿಲ್‌ನಲ್ಲೂ ಬಂತು. ಮೇ ತಿಂಗಳಲ್ಲಿ ಶಾಖ ಆರಿಸಿದ ಮೇಲೂ ಸದ್ದು ನಿಲ್ಲದಿದ್ದಾಗ ಅಧ್ಯಕ್ಷರು ಎದ್ದುಹೋಗಿ ನೋಡಿದರು. ಬೆಂಚಿನಲ್ಲಿ ಕೂತ ವರ್ನಾರ ಕೈಯಲ್ಲಿ ಆರ್ವಲ್‌ರ ಹಳೆಯ ಉಳಿ, ಕೊಡತಿ. ಪಕ್ಕದಲ್ಲಿ ನಾಲ್ಕು ಹಲಗೆ. ಅಕ್ಷರಗಳು ಸ್ವಲ್ಪ ಸೊಟ್ಟಗಿದ್ದವು, ಆದರೆ ಆಳವಾಗಿದ್ದವು.

"ಏನಿದು ವರ್ನಾ?"

"ಏನು ಅಂದ್ರೆ? ಹಲಗೆ. ಒಂಬತ್ತನೇ ತಿಂಗಳು ನಡೀತಿದೆ ಕಣೋ. ಅಷ್ಟರಲ್ಲಿ ಮಗು ಹುಟ್ಟುತ್ತೆ."

ತುರ್ತು ಸಭೆ ಸೇರಿತು. ಪರಿಸ್ಥಿತಿ ಗಂಭೀರವಾಗಿತ್ತು. ಕಾರ್ಯಾಗಾರದಲ್ಲಿ ಕೊರೆದ ಅಕ್ಷರದ ಉತ್ಪನ್ನವೊಂದು ಹೊರಬಂದಿದೆ. ನಿಯಮ ನಾಲ್ಕರ ಪ್ರಕಾರ ಅಂಗೀಕೃತ ತಂತ್ರಾಂಶವಿಲ್ಲದೆ ಅಂಥ ಉತ್ಪನ್ನ ಹೊರಬರುವಂತಿಲ್ಲ. ಆದರೆ ಬಂದಿದೆ. ಹಾಗಾದರೆ ನಿಯಮ ತಪ್ಪೋ? ನಿಯಮ ತಪ್ಪಾಗಲು ಸಾಧ್ಯವಿಲ್ಲ, ಅದು ಒಮ್ಮತದಿಂದ ಅಂಗೀಕಾರವಾದದ್ದು. ಆದ್ದರಿಂದ ತಂತ್ರಾಂಶ ಇಲ್ಲೇ ಎಲ್ಲೋ ಇರಲೇಬೇಕು. ನಾಲ್ವರೂ ಸುತ್ತ ನೋಡಿದೆವು. ಕೋಣೆಯಲ್ಲಿ ಅಕ್ಷರ ಕೊರೆದದ್ದು ವರ್ನಾ ಬಿಟ್ಟರೆ ಬೇರೇನೂ ಇರಲಿಲ್ಲ.

ಅಂಕಪಟ್ಟಿ ತೆಗೆದೆವು. ಚಿತ್ರ ತಾನೇ ಬರೆಯುತ್ತದೆಯೇ? ಹೌದು. ಅಲಗಿನ ದಾರಿ ತಾನೇ ಹಾಕುತ್ತದೆಯೇ? ಹೌದು. ಇಂಟರ್ನೆಟ್ ಬೇಕೇ? ಬೇಡ. ಹದಿನಾಲ್ಕು ದಿನದ ನಂತರ ಮುಚ್ಚಿಕೊಳ್ಳುತ್ತದೆಯೇ? ಎಪ್ಪತ್ತೆಂಟು ವರ್ಷದಿಂದ ಮುಚ್ಚಿಕೊಂಡಿಲ್ಲ.

"ಬಿಟ್ಟಿ ಕೂಡ," ಎಂದ ಕ್ಲೇಟನ್, ಗದ್ಗದಿತನಾಗಿ.

"ಫೋನ್ ಮಾಡಿದ್ರೆ ಎತ್ತುತ್ತೆ," ಎಂದಳು ರೋಂಡಾ. "ನಾನು ಬಾಡಿಗೆ ಕಟ್ಟೋ ಕಂಪನಿಗೆ ಮಾಡಿದ್ರೆ ಬರೀ ಸಂಗೀತ."

"ನೀವೇನು ಕುಡಿದಿದ್ದೀರೇನ್ರೋ?" ಅಂದರು ವರ್ನಾ.

ತಪ್ಪನ್ನು ಹಿಂದಕ್ಕೆ ಪಡೆಯುವ 'ಅನ್‌ಡೂ' ಸೌಲಭ್ಯ ಇಲ್ಲವೆಂದು ಎರಡು ಅಂಕ ಕಳೆದು, ನಲವತ್ತಕ್ಕೆ ಮೂವತ್ತೆಂಟು. ಕ್ಲೇಟನ್ ಸೂಚಿಸಿದ, ರೋಂಡಾ ಅನುಮೋದಿಸಿದಳು. ಸಮಿತಿಯ ಇತಿಹಾಸದಲ್ಲಿ ಅವರಿಬ್ಬರೂ ಒಂದೇ ಕಡೆ ಕೈ ಎತ್ತಿದ್ದು ಅದೇ ಮೊದಲು. ಚಪ್ಪಾಳೆಯಾಯಿತು. ಕೆಳಗಿನ ಪ್ರಕಟಣೆಯನ್ನು ಬಾಗಿಲಿಗೆ ಅಂಟಿಸಲಾಯಿತು:

'ವರ್ನಾ ಅಮಂಡ್ಸನ್ ಇವರನ್ನು ಕಾರ್ಯಾಗಾರದ ಅಧಿಕೃತ ವಿನ್ಯಾಸ ಹಾಗೂ ಅಲಗು-ದಾರಿ ತಂತ್ರಾಂಶವೆಂದು ಘೋಷಿಸಲಾಗಿದೆ. ಸದಸ್ಯರು ತಮ್ಮ ಕೆಲಸಗಳನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ತಂತ್ರಾಂಶಕ್ಕೆ ಆಹಾರ ನೀಡುವವರು ಉಪ್ಪು ಕಡಿಮೆ ಹಾಕತಕ್ಕದ್ದು.'

"ಆಯ್ತಪ್ಪ, ಏನಾದ್ರೂ ಕರೀರಿ. ನನ್ನ ಹಲಗೆ ಕೊಡಿ, ಹೋಗ್ತೀನಿ," ಅಂದರು ವರ್ನಾ.

ಇಲ್ಲೊಂದು ಸಣ್ಣ ತೊಡಕಿತ್ತು. ಅರ್ಜಿ ಸಲ್ಲಿಸುವ ಹಕ್ಕು ಸದಸ್ಯರಿಗೆ ಮಾತ್ರ, ತಂತ್ರಾಂಶ ಸದಸ್ಯನಲ್ಲ. ಆದ್ದರಿಂದ ಒಂದನೇ ನಂಬರಿನ ಅರ್ಜಿ ತಾನಾಗಿ ರದ್ದಾಗಿತ್ತು. ಹಲಗೆಗಳು ಪರೀಕ್ಷಾ ಮಾದರಿಗಳು, ಕಾರ್ಯಾಗಾರದ ಸ್ವತ್ತು. 'ಬಚ್ಚಲು' ನಮ್ಮ ಬಚ್ಚಲಿಗೆ ಹೋಯಿತು, 'ಅಡುಗೆಮನೆ' ಕಾಫಿ ಯಂತ್ರದ ಮೇಲೆ. 'ಮಲಗೋ ಕೋಣೆ'ಯನ್ನು ಬಹಳ ಯೋಚಿಸಿ ಸಮಿತಿಯ ಸಭಾಂಗಣಕ್ಕೆ ಹಾಕಿದೆವು.

ವರ್ನಾ ಜಗಳವಾಡುತ್ತಾರೆಂದು ನಾನು ಹೆದರಿದ್ದೆ. ಅವರು ಆಡಲಿಲ್ಲ. "ಅವು ಹೋಗ್ಲಿ ಬಿಡಿ. ಅವನಿಗೀಗ ಬಾಗಿಲು ಅಂದ್ರೇನೇ ತಿಳಿಯಲ್ಲ," ಅಂದರು. "ನಾಲ್ಕನೇದು ಕೊಡ್ರೋ. ಅದೊಂದು."

ಆದರೆ ಅಂಗೀಕೃತ ತಂತ್ರಾಂಶದ ಹೆಸರನ್ನು ಯಂತ್ರದ ಮೇಲೆ ಪ್ರದರ್ಶಿಸುವುದು ಕಡ್ಡಾಯ. ಅಧ್ಯಕ್ಷರು ಆಗಲೇ ನಾಲ್ಕು ಸ್ಕ್ರೂ ಬಿಗಿದು 'ವರ್ನಾ' ಹಲಗೆಯನ್ನು ಸಿ.ಎನ್.ಸಿ. ಯಂತ್ರದ ಹಣೆಗೆ ಕೂರಿಸಿದ್ದರು. ವರ್ನಾ ಮುಖ ಕೆಂಪಗೆ ಮಾಡಿಕೊಂಡು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಆರ್ವಲ್ ತಡವರಿಸುತ್ತಾ ಯಂತ್ರದ ಹತ್ತಿರ ಹೋಗಿ, ಹಲಗೆಗೆ ಬೆರಳಿಟ್ಟರು. ಮೊದಲ ಅಕ್ಷರ ಸವರಿದರು, ಎರಡನೆಯದು ಸವರಿದರು. ಕೊನೆಯದಕ್ಕೆ ಬಂದಾಗ ಮುಖವೆಲ್ಲ ಅರಳಿತು.

"ವರ್ನಾ," ಎಂದರು. ಎರಡು ತಿಂಗಳಿಂದ ಅವರ ಬಾಯಲ್ಲಿ ಬಾರದ ಹೆಸರು.

ವರ್ನಾ ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹಲಗೆ ಅಲ್ಲೇ ಇದೆ.

ಈಗ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ. ತಂತ್ರಾಂಶ ವಾರಕ್ಕೆ ಮೂರು ದಿನ ಮೂಲೆಯ ಬೆಂಚಿನಲ್ಲಿ ಕೂತು ಕೆತ್ತುತ್ತದೆ, ನಲವತ್ತಮೂರು ಅರ್ಜಿಗಳು ಬಾಕಿಯಿವೆ. ಅದು ಕಣ್ಣಿನ ಪೊರೆ ತೆಗೆಸಿಕೊಂಡ ವಾರ 'ನವೀಕರಣ ನಡೆಯುತ್ತಿದೆ' ಎಂದು ಬೋರ್ಡು ಹಾಕಿದ್ದೆವು, ಯಾರೂ ದೂರಲಿಲ್ಲ. ಯಂತ್ರಕ್ಕೆ ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತೇವೆ. ಅದರ ಪಕ್ಕದಲ್ಲಿ ಸಮಿತಿ ಒಂದು ಕುರ್ಚಿಯನ್ನು ಮಂಜೂರು ಮಾಡಿದೆ. ಅಲ್ಲಿ ಆರ್ವಲ್ ಕೂರುತ್ತಾರೆ, ಒಂದು ಕೈ ಹಲಗೆಯ ಮೇಲೆ. ಆಗಾಗ ಯಂತ್ರದ ಕಡೆ ಬಾಗಿ, "ಊಟ ಮಾಡಿದ್ಯಾ ವರ್ನಾ?" ಎಂದು ಕೇಳುತ್ತಾರೆ.

ಯಂತ್ರ ಸುಮ್ಮನಿರುತ್ತದೆ. ಮೂಲೆಯಲ್ಲಿ ಟಕ್ ಟಕ್ ಸದ್ದು ನಿಲ್ಲುತ್ತದೆ.

"ಆಯ್ತು ಆರ್ವಲ್," ಎನ್ನುತ್ತದೆ ತಂತ್ರಾಂಶ. "ನಿಂದಾಯ್ತಾ?"

ಧ್ವನಿ ಸೌಲಭ್ಯವೂ ಇದೆಯೆಂದು ಕಳೆದ ಸಭೆಯಲ್ಲಿ ಇನ್ನೊಂದು ಅಂಕ ಕೊಟ್ಟಿದ್ದೇವೆ.