ಒಂದೇ ಓಣಿಯ ವಿಮಾನ ಮತ್ತು ನಮ್ಮ ಮಾವ

ವಿಮಾನ ಹತ್ತದೆಯೇ ವಿಮಾನವನ್ನು ಅರೆದು ಕುಡಿದವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ನೀವೇನಾದರೂ ವಿಮಾನ ಹತ್ತಿ ಇಳಿದಿದ್ದರೆ ಚಳ್ಳಕೆರೆಯ ಅವರ ಶಾಮಿಯಾನದ ಅಂಗಡಿ ಮುಂದೆ ಮಾತ್ರ ಹಾಯಬೇಡಿ. "ಎಷ್ಟನೇ ಸಾಲು? ಕಿಟಕಿನಾ, ಓಣಿನಾ?" ಎಂದು ಅವರು ಶುರು ಮಾಡಿದರೆ ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ.

ರೆಕ್ಕೆ, ಎಂಜಿನ್ನು, ಪೈಲಟ್ಟು ಯಾವುದೂ ಅವರಿಗೆ ಬೇಡ. ಬೇಕಾದ್ದು ಸೀಟು. ಅದೂ ನಡುವೆ ಒಂದೇ ಓಣಿ, ಅತ್ತ ಮೂರು ಇತ್ತ ಮೂರು ಸೀಟಿರುವ ಸಣ್ಣ ವಿಮಾನದ್ದು. ಎಡಕ್ಕೆ ಎ, ಬಿ, ಸಿ. ಬಲಕ್ಕೆ ಡಿ, ಇ, ಎಫ್. ಊರಾಚೆ ವರವು ಕಾವಲ್ ಬಯಲಿನ ಕಡೆ ಪರೀಕ್ಷೆಗೆಂದು ಬಿಡುವ ಆಳಿಲ್ಲದ ವಿಮಾನ ಗುಂಯ್ಯೆಂದು ಹಾರಿದರೆ ಕುರಿ ಕಾಯುವವರೂ ಕತ್ತೆತ್ತಿ ನೋಡುತ್ತಾರೆ. ಮಾವ ನೋಡುವುದಿಲ್ಲ. "ಸೀಟೇ ಇಲ್ದ ಮ್ಯಾಲೆ ಅದೆಂಥ ವಿಮಾನ್ಲೇ!"

ಕೊಂಡ್ಲಹಳ್ಳಿಯ ಒಂದು ಮದುವೆಗೆ ಅವರದೇ ಕುರ್ಚಿ. ವಿಮಾನದಲ್ಲಿ ಮೂರು ಸೀಟು ಅಂಟಿಕೊಂಡಿರುತ್ತವಲ್ಲ, ಹಾಗೆಯೇ ಇರಲಿ ಎಂದು ಪ್ಲಾಸ್ಟಿಕ್ ಕುರ್ಚಿಗಳನ್ನು ಮೂರು ಮೂರಾಗಿ ಹಗ್ಗದಲ್ಲಿ ಬಿಗಿದರು. ಬೆನ್ನಿಗೆ ಸೀಮೆಸುಣ್ಣದ ನಂಬರು. ಹನ್ನೆರಡನೇ ಸಾಲಾದ ಮೇಲೆ ಹದಿನಾಲ್ಕು!

"ಹದಿಮೂರು ಎಲ್ಲಿ ಹೋಯ್ತ್ರೀ?" ಎಂದರು ಹೆಣ್ಣಿನ ತಂದೆ.

"ಎಷ್ಟೋ ವಿಮಾನದಾಗೆ ಇರಲ್ರಿ. ಅಪಶಕುನ."

ಗಟ್ಟಿಮೇಳ ಬಾರಿಸಿದ್ದೇ ತಡ, ಗಂಡಿನ ದೊಡ್ಡಪ್ಪ ಅಕ್ಷತೆ ಹಾಕಲು ದಡಬಡಿಸಿ ಎದ್ದರು. ಭಾರಿ ಆಳು, ಕುರ್ಚಿಯ ಕೈಗಳ ನಡುವೆ ಸೊಂಟ ಸಿಕ್ಕಿಕೊಂಡಿತ್ತು. ಅವರ ಜೊತೆ ಕುರ್ಚಿ ಎದ್ದಿತು, ಆ ಕುರ್ಚಿಯ ಜೊತೆ ಪಕ್ಕದ ಎರಡೂ ಎದ್ದವು, ಅವುಗಳಲ್ಲಿದ್ದ ಬೀಗರಿಬ್ಬರು ನೆಲ ಕಂಡರು! ಮಾವನಿಗೆ ನಾಚಿಕೆಯೇ? "ಬೆಲ್ಟ್ ಇದ್ದಿದ್ರೆ ಬೀಳ್ತಿರ್ಲಿಲ್ಲ" ಎಂದುಬಿಟ್ಟರು.

"ನಡುವಿನ ಸೀಟು ಪಾಪಿಗಳಿಗೆ ಕಣ್ಲೇ ಅಳಿಯ. ಅತ್ಲಾಗೆ ಕಿಟಕೀನೂ ಇಲ್ಲ, ಇತ್ಲಾಗೆ ಓಣೀನೂ ಇಲ್ಲ. ನಾನು ಹತ್ತಿದ್ರೆ ಕಿಟಕೀನೇ!" ಎಂದು ನನಗೆ ನೂರು ಸಲವಾದರೂ ಹೇಳಿದ್ದಾರೆ.

ನಗುವುದೆಲ್ಲ ನಾವು, ಸಂಕಟ ಅತ್ತೆಗೆ. ದೆಹಲಿಯಲ್ಲಿರುವ ಮಗಳಿಗೆ ಹೆಣ್ಣುಕೂಸು ಹುಟ್ಟಿ ಐದು ತಿಂಗಳಾಗಿತ್ತು. "ಅವ್ವ, ಬರ್ತೀಯಾ?" ಎಂದು ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ ಅತ್ತೆ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು. ಅವರ ಎಡ ಮೊಣಕಾಲು ಮಡಚುವುದಿಲ್ಲ. ಹಿಂದೊಮ್ಮೆ ಮೊಳಕಾಲ್ಮುರಿಗೆ ಹೋಗುವಾಗ ಅವರು ಚಾಚಿದ ಕಾಲಿಗೆ ಯಾರೋ ಎಡವಿ ಬಿದ್ದು, ಬಸ್ಸಿಗೆ ಬಸ್ಸೇ ಅವರನ್ನು ಬೈದಿತ್ತು. ಅಂದಿನಿಂದ ಯಾವ ಗಾಡಿಯನ್ನೂ ಹತ್ತುವುದಿಲ್ಲವೆಂದು ಹಟ. ಮಾವನೋ, ಪಡಸಾಲೆಯಲ್ಲಿ ಆರು ಕುರ್ಚಿ ಹಾಕಿ, ಅಳತೆ ಟೇಪು ಹಿಡಿದು, ಅತ್ತೆಯನ್ನು ಒಂದೊಂದರಲ್ಲೂ ಕೂರಿಸಿ ಎಬ್ಬಿಸುತ್ತಿದ್ದರು!

ನನಗೆ ಸಿಟ್ಟು ಬಂತು. "ಮಾವ, ಅತ್ತೆ ಕೂಸಿಗಾಗಿ ಕೊರಗ್ತಾರೆ, ನಿಮಗೆ ಕುರ್ಚಿ ಆಟವಾ?"

ಅವರು ನನ್ನ ಕಡೆ ನೋಡಲೇ ಇಲ್ಲ. "ತುರ್ತು ಬಾಗಿಲ ಸಾಲಿನಾಗೆ ಕಾಲು ಚಾಚೋಕೆ ಜಾಗ ಐತೆ. ಆದ್ರೆ ಕಾಲು ಆಗ್ದೋರನ್ನ ಅಲ್ಲಿ ಕೂರಿಸಲ್ವಂತೆ! ಇದ್ಯಾವ ನ್ಯಾಯ್ಲೇ?"

ನನಗೆ ಆಗಲೇ ಹೊಳೆಯಬೇಕಿತ್ತು. ದಡ್ಡ ನಾನು, ಹೊಳೆಯಲಿಲ್ಲ.

ವಾರ ಕಳೆದು ನನ್ನ ಮೊಬೈಲಿನ ಮುಂದೆ ಬಂದು ಕೂತರು. "ದೆಹಲಿಗೆ ಎರಡು ಸೀಟು ಹಾಕು. ಅವ್ಳಿಗೆ ಡಿ."

"ಡಿ-ನೇ ಯಾಕೆ?"

"ಎಡಗಾಲು ಓಣಿಗೆ ಚಾಚ್ಬೇಕಂದ್ರೆ ಓಣಿಯ ಬಲಗಡೆ ಸೀಟೇ ಬೇಕು. ಸಿ ಹಾಕಿದ್ರೆ ಬಲಗಾಲು ಬರ್ತೈತೆ."

"ಅತ್ತೆ ಒಪ್ತಾರಾ?"

"ಡಿ ಕುರ್ಚಿಯಾಗೆ ಮೂರು ತಾಸು ಕುಂತು ಕಡ್ಲೆಕಾಯಿ ಸುಲಿದ್ಳು. ದೆಹಲಿಗೂ ಅಷ್ಟೇ ಹೊತ್ತು ಕಣೇ ಅಂದೆ. ಒಪ್ಪಿದ್ಳು."

"ನಿಮಗೆ ಎಫ್ ಹಾಕ್ಲಾ? ಕಿಟಕಿ ಖಾಲಿ ಐತೆ."

"ನಂಗೆ ನಡುವಿಂದು ಹಾಕ್ಲೇ. ತಿಂಡಿ ಗಾಡಿ ಬಂದಾಗ ಅವ್ಳ ಕಾಲು ಒಳಕ್ಕೆ ಎಳ್ಕೊಳ್ಳೋಕೆ ಪಕ್ಕದಾಗೆ ನಾನಿರ್ಬೇಕಲ್ಲ. ಅಲ್ಲೂ ಯಾರೂ ಅವಳ್ನ ಬೈಬಾರ್ದು."

ನಾನು ಎಫ್ ಬಿಟ್ಟು ನಡುವಿನ ಸೀಟು ಒತ್ತಿದೆ.

ಅವರಿಬ್ಬರೂ ಹೋದ ಮೂರನೇ ದಿನ ದೆಹಲಿಯಿಂದ ಅತ್ತೆಯ ಫೋನು. ಅವರ ಮಡಿಲಲ್ಲೇ ಕೂಸು ಕೇಕೆ ಹಾಕುತ್ತಿತ್ತು. "ಮಾವನಿಗೆ ವಿಮಾನ ಹೆಂಗನ್ಸಿತು ಅತ್ತೆ?" ಎಂದೆ.

"ಅವ್ರು ವಿಮಾನ ಎಲ್ಲಿ ನೋಡಿದ್ರಪ್ಪ!" ಎಂದರು ಅತ್ತೆ. "ಹತ್ತಿದಾಗಿಂದ ಇಳಿಯೋವರ್ಗೂ ನನ್ನ ಕಾಲೇ ನೋಡ್ತಾ ಕುಂತಿದ್ರು."